ಲ್ಯಾಬ್ ಡಮ್ಮಿ ತರುತ್ತೆ, ಕೈಗೆ ಮಾತ್ರ ಕೊಡಲ್ಲ: ರಿಟ್ರೀವರ್ ಟ್ರೇನಿಂಗ್ ಬಗ್ಗೆ ಕೊಡಗಿನ ಓದುಗರ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಕೊಡಗಿನದ್ದೇ, ಅದರಲ್ಲೂ ಲ್ಯಾಬ್ರಡಾರ್ ಮತ್ತು ಗೋಲ್ಡನ್ ರಿಟ್ರೀವರ್ ಸಾಕಿರೋರದ್ದು. (ರಿಟ್ರೀವರ್ ಅಂದ್ರೆ ಬಿದ್ದ ಹಕ್ಕಿ ತಂದುಕೊಡೋ ನಾಯಿ, ಡಮ್ಮಿ ಅಂದ್ರೆ ಕಲಿಸುವಾಗ ಹಕ್ಕಿ ಬದಲು ಎಸೆಯೋ ಬಟ್ಟೆ ಗಂಟು.) ತೋಟದ ಮನೆಗಳಲ್ಲಿ ಈ ಎರಡು ಜಾತಿ ಈಗ ಎಲ್ಲಿ ನೋಡಿದ್ರೂ ಇವೆ, ಆದ್ರೆ ಎಷ್ಟೋ ನಾಯಿಗಳು ಹಗಲೆಲ್ಲಾ ಗೂಡಲ್ಲೋ ಚೈನಲ್ಲೋ ಬಿದ್ಕೊಂಡು, ಮಾಡೋಕೆ ಕೆಲಸ ಇಲ್ಲದೆ ದಪ್ಪ ಆಗ್ತಾ ಇವೆ. ಇದಕ್ಕೆ ಏನಾದ್ರೂ ಕಲಿಸ್ಬೇಕು ಅಂತ ಯಾರಾದ್ರೂ ಬರೆದ್ರೆ ನನಗೆ ನಿಜಕ್ಕೂ ಖುಷಿ ಆಗುತ್ತೆ, ಅದಕ್ಕೇ ಕೆಲವು ಉತ್ತರ ಉದ್ದ ಆಗಿವೆ, ಓದಿ.

ಪ್ರಶ್ನೆ: ಸರ್, ನಮ್ಮ ಅಕ್ಕನ ಮಗಳು ಅಮೆರಿಕದಲ್ಲಿದ್ದಾಳೆ. ಅವಳ ಲ್ಯಾಬ್‌ಗೆ ಅಲ್ಲಿ ಹಂಟ್ ಟೆಸ್ಟ್‌ನಲ್ಲಿ ಜೂನಿಯರ್ ಹಂಟರ್ ಅಂತ ಟೈಟಲ್ ಬಂದಿದೆ, ವಿಡಿಯೋ ಕಳ್ಸಿದ್ಲು, ನೋಡಿ ತುಂಬಾ ಆಸೆ ಆಯ್ತು. ನಮ್ಮಲ್ಲೂ ಒಂದು ವರ್ಷದ ಕಪ್ಪು ಲ್ಯಾಬ್ ಇದೆ, ಗದ್ದೆ ಇದೆ, ಕೆರೆ ಇದೆ, ಮನೇಲಿ ಕೋವಿನೂ ಇದೆ. ಇಲ್ಲಿ ಆ ತರ ಟೆಸ್ಟ್ ಇದ್ಯಾ, ಇಲ್ಲದಿದ್ರೆ ನಾವೇ ಮಾಡ್ಕೋಬಹುದಾ? (ಪೊನ್ನಂಪೇಟೆಯ ಓದುಗರು)

ಉತ್ತರ: ಮೊದಲು ಆ ಟೆಸ್ಟ್ ಏನು ಅಂತ ಹೇಳ್ಬಿಡ್ತೀನಿ, ಯಾಕಂದ್ರೆ ಹೆಸರಲ್ಲಿ ಹಂಟ್ ಅಂತ ಇದ್ರೂ ಅಲ್ಲಿ ನೋಡೋದು ನಾಯಿ ಬೇಟೆ ಆಡುತ್ತಾ ಅಂತ ಅಲ್ಲವೇ ಅಲ್ಲ, ಬಿದ್ದ ಹಕ್ಕಿಯನ್ನ ಹುಡುಕಿ ಹಾಳು ಮಾಡದೆ ತಂದು ಒಡೆಯನ ಕೈಗೆ ಕೊಡುತ್ತಾ ಅಂತ. ಅಮೆರಿಕನ್ ಕೆನಲ್ ಕ್ಲಬ್ 1985ರಲ್ಲಿ ಇದನ್ನ ಶುರು ಮಾಡಿದ್ದು, ಜೂನಿಯರ್, ಸೀನಿಯರ್, ಮಾಸ್ಟರ್ ಅಂತ ಮೂರು ಹಂತ. ಜೂನಿಯರ್‌ನಲ್ಲಿ ನಾಯಿ ನೋಡ್ತಾ ಇರುವಾಗ್ಲೇ ಒಂದೊಂದೇ ಹಕ್ಕಿ ಬೀಳಿಸ್ತಾರೆ, ನೆಲದ ಮೇಲೆ ಎರಡು, ನೀರಲ್ಲಿ ಎರಡು. ಸೀನಿಯರ್‌ಗೆ ಹೋದ್ರೆ ಎರಡು ಹಕ್ಕಿ ಒಟ್ಟಿಗೆ ಬೀಳುತ್ತೆ, ಎರಡನ್ನೂ ನೆನಪಿಟ್ಕೊಂಡು ತರಬೇಕು, ಜೊತೆಗೆ ನಾಯಿ ನೋಡೇ ಇಲ್ಲದ ಜಾಗದಲ್ಲಿ ಅಡಗಿಸಿಟ್ಟ ಹಕ್ಕಿ ಹತ್ರ ನೀವು ಸೀಟಿ ಮತ್ತು ಕೈ ಸನ್ನೆಯಲ್ಲೇ ಅದನ್ನ ಕಳಿಸ್ಬೇಕು. ಮಾಸ್ಟರ್ ಇನ್ನೂ ಕಷ್ಟ. ನನಗೆ ಇದರಲ್ಲಿ ತುಂಬಾ ಇಷ್ಟ ಆಗೋ ವಿಷಯ ಅಂದ್ರೆ ಇದರಲ್ಲಿ ಫಸ್ಟು ಸೆಕೆಂಡು ಅಂತ ಇಲ್ಲ. ಜಡ್ಜ್‌ಗಳು 10ಕ್ಕೆ ಅಂಕ ಕೊಡ್ತಾರೆ, ಯಾವ ವಿಭಾಗದಲ್ಲೂ 5ಕ್ಕಿಂತ ಕಮ್ಮಿ ಆಗಬಾರದು, ಒಟ್ಟು ಸರಾಸರಿ 7 ಇರಬೇಕು, ಅಷ್ಟು ಬಂದ ಎಲ್ಲಾ ನಾಯಿನೂ ಪಾಸು. ಪಕ್ಕದವರ ನಾಯಿ ಚೆನ್ನಾಗಿ ಮಾಡಿದ್ರೆ ನಿಮ್ಮದು ಸೋಲಲ್ಲ. ಜೂನಿಯರ್ ಟೈಟಲ್ ಬೇಕಂದ್ರೆ ಹಾಗೆ ನಾಲ್ಕು ಸಲ ಪಾಸಾಗ್ಬೇಕು. ನಿಮ್ಮ ಅಕ್ಕನ ಮಗಳು ಒಂದು ದಿನದ ಅದೃಷ್ಟದಲ್ಲಿ ಪಡ್ಕೊಂಡಿದ್ದಲ್ಲ, ಅವಳಿಗೆ ನನ್ನ ಕಡೆಯಿಂದಲೂ ಶಹಬ್ಬಾಸ್ ಹೇಳಿ.

ಈಗ ನಮ್ಮ ಕಡೆ ವಿಷಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಬೇಟೆ ನಿಷೇಧ, ಮತ್ತು ಆ ಕಾಯ್ದೆಯಲ್ಲಿ ಬೇಟೆ ಅಂದ್ರೆ ಗುಂಡು ಹೊಡೆಯೋದು ಮಾತ್ರ ಅಲ್ಲ, ಹಿಡಿಯೋದು, ಅಟ್ಟೋದು, ಉರುಳು ಹಾಕೋದು, ಇದಕ್ಕೆ ಪ್ರಯತ್ನ ಪಡೋದೂ ಸೇರುತ್ತೆ. ಅಂದ್ರೆ ಕೆರೆಯಲ್ಲಿರೋ ಕಾಡು ಬಾತುಕೋಳಿ ಮೇಲೆ ನಾಯಿ ಛೂ ಬಿಟ್ರೂ ತಪ್ಪೇ. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಕೋವಿ ಲೈಸೆನ್ಸ್ ವಿನಾಯಿತಿ 2029ರವರೆಗೆ ಮುಂದುವರಿದಿದೆ ನಿಜ, ಆದ್ರೆ ಅದು ಕೋವಿ ಇಟ್ಕೊಳ್ಳೋಕೆ ಇರೋ ವಿನಾಯಿತಿ, ಬೇಟೆಗೂ ಅದಕ್ಕೂ ಸಂಬಂಧ ಇಲ್ಲ. ಹಾಗಾಗಿ ನಿಜವಾದ ಹಕ್ಕಿ ಹೊಡೆದು ಮಾಡೋ ಟೆಸ್ಟ್ ಇಲ್ಲಿ ನಡೆಸೋ ಹಾಗಿಲ್ಲ, ನಡೆಸಬೇಕಾಗೂ ಇಲ್ಲ. ಕೆಲಸ ಪೂರ್ತಿ ಡಮ್ಮಿಯಲ್ಲೇ ಕಲಿಸಬಹುದು, ಬ್ರಿಟನ್‌ನಲ್ಲೂ ವರ್ಕಿಂಗ್ ಟೆಸ್ಟ್ ಅಂತ ಡಮ್ಮಿ ಎಸೆದೇ ನಡೆಸ್ತಾರೆ. ಡಮ್ಮಿ ತರಿಸೋಕೆ ಆಗದಿದ್ರೆ ಟೈಲರ್ ಹತ್ರ ಹಳೇ ಜೀನ್ಸ್ ಪ್ಯಾಂಟಿನ ಕಾಲನ್ನ ಒಂದಡಿ ಉದ್ದಕ್ಕೆ ಹೊಲಿಸಿ ಒಳಗೆ ಬಟ್ಟೆ ಚೂರು ತುಂಬಿಸಿ, ಅರ್ಧ ಕೆಜಿ ಒಳಗೆ ಇರಲಿ. ನೀರಿಗೆ ಬೇಕಾದ್ರೆ ಒಳಗೆ ಬಿಗಿಯಾಗಿ ಮುಚ್ಚಳ ಹಾಕಿದ ಖಾಲಿ ಪ್ಲಾಸ್ಟಿಕ್ ಬಾಟ್ಲಿ ಇಡಿ, ತೇಲುತ್ತೆ. ಗರಿಯ ರುಚಿ ಗೊತ್ತಾಗಲಿ ಅಂದ್ರೆ ಮನೆಗೆ ತಂದ ಊರು ಕೋಳಿಯದ್ದೋ ಸಾಕು ಬಾತುವಿನದ್ದೋ ರೆಕ್ಕೆ ಡಮ್ಮಿಗೆ ಕಟ್ಟಿ.

ಸ್ಪರ್ಧೆನೇ ಬೇಕು ಅಂದ್ರೆ ನಮ್ಮಲ್ಲಿ ಓಬಿಡಿಯನ್ಸ್, ಅಂದ್ರೆ ನಾಯಿ ಹೇಳಿದ ಮಾತು ಕೇಳುತ್ತಾ ಅಂತ ನೋಡೋ ಸ್ಪರ್ಧೆಯ ದಾರಿ ಇದೆ. ಕೆನಲ್ ಕ್ಲಬ್ ಆಫ್ ಇಂಡಿಯಾ ಆಫೀಸ್ ಚೆನ್ನೈಯಲ್ಲಿದೆ, ಅದಕ್ಕೆ ಸೇರಿದ ಕ್ಲಬ್‌ಗಳು ಶೋ ನಡೆಸುವಾಗ ಕೆಲವು ಕಡೆ ಓಬಿಡಿಯನ್ಸ್ ವಿಭಾಗನೂ ಇಟ್ಟಿರ್ತಾರೆ, ಹೋಗೋ ಮೊದಲು ಆ ಶೋದವರ ಹತ್ರ ನಿಯಮ ಕೇಳ್ಕೊಳ್ಳಿ. ಹಂಟ್ ಟೆಸ್ಟ್ ಬೇರೆ ಓಬಿಡಿಯನ್ಸ್ ಬೇರೆ ಅಂತ ತುಂಬಾ ಜನ ಅನ್ಕೊಂಡಿದ್ದಾರೆ, ನನ್ನ ಪ್ರಕಾರ ಎರಡೂ ಕೇಳೋದು ಒಂದೇ ವಿಷಯ, ಆಸೆ ಎಷ್ಟೇ ಇದ್ರೂ ನಾಯಿ ನಿಮ್ಮ ಮಾತಿಗೆ ಕಾಯುತ್ತಾ ಅನ್ನೋದು. ಕೆಳಗಿನ ಎಲ್ಲಾ ಉತ್ತರಗಳೂ ಸುತ್ತಿ ಬಳಸಿ ಅಲ್ಲಿಗೇ ಬರ್ತವೆ.

ಪ್ರಶ್ನೆ: ನಮ್ಮ ಎಂಟು ತಿಂಗಳ ಲ್ಯಾಬ್ ಡಮ್ಮಿ ಎಸೆದ ಕೂಡ್ಲೇ ಹೋಗಿ ಎತ್ಕೊಳ್ಳುತ್ತೆ, ಆಮೇಲೆ ಹತ್ರ ಬಂದು ನನ್ನ ಸುತ್ತ ಸುತ್ತಿ ತೋಟದೊಳಗೆ ಓಡಿಹೋಗುತ್ತೆ. ಹಿಡಿಯೋಕೆ ಹೋದ್ರೆ ಇನ್ನೂ ಜೋರು. ಕೊನೆಗೆ ಬೇಜಾರಾಗಿ ಎಲ್ಲೋ ಕಾಫಿ ಗಿಡದ ಬುಡದಲ್ಲಿ ಬಿಸಾಕಿ ಬರುತ್ತೆ. ಏನ್ ಮಾಡೋದು? (ಸುಂಟಿಕೊಪ್ಪ)

ಉತ್ತರ: ಹಿಡಿಯೋಕೆ ಹೋಗೋದನ್ನ ಇವತ್ತೇ ನಿಲ್ಲಿಸಿ. ನೀವು ಹಿಂದೆ ಓಡಿದ್ರೆ ಅದಕ್ಕೆ ಡಮ್ಮಿಗಿಂತ ಆ ಓಟಾನೇ ಮಜಾ. ಅದು ಡಮ್ಮಿ ಎತ್ಕೊಂಡ ಕ್ಷಣಕ್ಕೆ ನೀವು ಬೆನ್ನು ತಿರುಗಿಸಿ ಉಲ್ಟಾ ಓಡಿ, ಹೆಸರು ಕೂಗ್ತಾ ಚಪ್ಪಾಳೆ ತಟ್ತಾ ಓಡಿ, ನಿಮ್ಮನ್ನ ಹಿಡಿಯೋಕೆ ಅದೇ ಬರುತ್ತೆ. ಬಂದ ಮೇಲೆ ತಕ್ಷಣ ಬಾಯಿಗೆ ಕೈ ಹಾಕ್ಬೇಡಿ. ಹೆಚ್ಚಿನವರು ಇಲ್ಲೇ ಕೆಡಿಸ್ಕೊಳ್ಳೋದು, ನಾಯಿಗೆ ಹತ್ರ ಹೋದ್ರೆ ನನ್ನ ಸಾಮಾನು ಕಿತ್ಕೋತಾರೆ ಅಂತ ಗಟ್ಟಿಯಾಗಿ ಕೂತ್ಬಿಡುತ್ತೆ, ಆಮೇಲೆ ಅದು ಎರಡು ಮಾರು ದೂರದಲ್ಲೇ ನಿಂತು ನಿಮ್ಮನ್ನ ಆಟ ಆಡಿಸುತ್ತೆ. ಡಮ್ಮಿ ಬಾಯಲ್ಲೇ ಇರಲಿ, ಎದೆ ಸವರಿ, ಬೆನ್ನು ತಟ್ಟಿ, ಅದಕ್ಕೆ ಹೆಮ್ಮೆ ಅನ್ನಿಸಲಿ, ಅರ್ಧ ನಿಮಿಷ ಆದ್ಮೇಲೆ ಮೆಲ್ಲಗೆ ತಗೊಳ್ಳಿ.

ಜಾಗನೂ ಬದಲಾಯಿಸಿ. ಬಯಲಲ್ಲಿ ನಾಲ್ಕು ಕಡೆ ದಾರಿ, ಓಡೋದು ಸಹಜ. ಮನೆಯ ಪಡಸಾಲೆ ಅಥವಾ ಎರಡು ಗೋಡೆ ನಡುವಿನ ಓಣಿ ತರದ ಜಾಗದಲ್ಲಿ ಎಸೆದ್ರೆ ವಾಪಸ್ ಬರೋಕೆ ಇರೋದು ಒಂದೇ ದಾರಿ, ಆ ದಾರಿಯಲ್ಲಿ ನೀವೇ ಕೂತಿರಿ. ಹೊರಗೆ ಹೋದಾಗ ಬೆಲ್ಟಿಗೆ ಮೂವತ್ತು ಅಡಿಯ ಹಗುರ ಹಗ್ಗ ಕಟ್ಟಿರಿ, ಎಳೆಯೋಕಲ್ಲ, ತಪ್ಪಿಸ್ಕೊಳ್ಳದ ಹಾಗೆ ಅಷ್ಟೇ. ಗಿಡಗಳ ಮಧ್ಯ ಹಗ್ಗ ಸಿಕ್ಕಿ ಹಾಕ್ಕೊಳ್ಳುತ್ತೆ, ಅದಕ್ಕೆ ಕಣದಲ್ಲಿ ಇಲ್ಲಾ ಗದ್ದೆಯಲ್ಲಿ ಮಾಡಿ.

ಇದರ ಜೊತೆ ಹಿಡ್ಕೊಳ್ಳೋ ಪಾಠ ಬೇರೆ ಮಾಡಬೇಕು, ಎಸೆಯೋ ಆಟಕ್ಕೆ ಇದನ್ನ ಸೇರಿಸ್ಬೇಡಿ. ನಾಯಿ ಕೂರಿಸಿ, ಮೆತ್ತಗಿನ ಡಮ್ಮಿ ಬಾಯಿಗೆ ಇಟ್ಟು, ಗಲ್ಲದ ಕೆಳಗೆ ಒಂದು ಬೆರಳು ಆನಿಸಿ "ಹಿಡ್ಕೋ" ಅನ್ನಿ, ಒಂದು ಸೆಕೆಂಡು ಹಿಡಿದ್ರೂ ಸಾಕು, "ಕೊಡು" ಅಂತ ತಗೊಂಡು ಆಮೇಲೆ ತಿಂಡಿ ಕೊಡಿ. ತಿಂಡಿ ಮೊದಲೇ ತೋರಿಸಿದ್ರೆ ಲ್ಯಾಬ್ ಕಣ್ಣು ಅಲ್ಲೇ, ಡಮ್ಮಿ ಬಿಸಾಕಿ ಓಡಿ ಬರುತ್ತೆ, ಅದಕ್ಕೆ ತಿಂಡಿ ಜೇಬಲ್ಲೇ ಇರಲಿ. ಒಂದು ಸೆಕೆಂಡು ಐದಾಗಲಿ, ಐದು ಹದಿನೈದಾಗಲಿ, ಆಮೇಲೆ ಹಿಡ್ಕೊಂಡು ನಿಮ್ಮ ಜೊತೆ ನಡೆಯಲಿ, ಕೊನೆಗೆ ನೆಲದಿಂದ ತಾನೇ ಎತ್ಕೊಂಡು ಬಂದು ಕೈಗೆ ಕೊಡಲಿ. ದಿನಕ್ಕೆ ಐದು ನಿಮಿಷ ಸಾಕು, ಕೆಲವು ವಾರ ಹಿಡಿಯುತ್ತೆ. ಕಿವಿ ಹಿಂಡಿ ಬಾಯಿ ತೆರೆಸೋ ಹಳೇ ಪದ್ಧತಿ ಒಂದಿದೆ, ಅಮೆರಿಕದಲ್ಲಿ ಎಷ್ಟೋ ಟ್ರೇನರ್‌ಗಳು ಅದನ್ನ ಮಾಡ್ತಾರೆ, ನಿಮಗೆ ಯಾರಾದ್ರೂ ಹೇಳಿದ್ರೆ ದಯವಿಟ್ಟು ಬೇಡ. ನೋವು ಕೊಡದೇನೇ ಈ ಪಾಠ ಪೂರ್ತಿ ಆಗುತ್ತೆ, ಬ್ರಿಟನ್‌ನಲ್ಲಿ ಅದಿಲ್ಲದೇ ಒಳ್ಳೊಳ್ಳೆ ನಾಯಿ ತಯಾರಾಗ್ತಾ ಬಂದಿವೆ.

ಇನ್ನೊಂದು ಮಾತು, ಮಕ್ಕಳು ಸಂಜೆ ಹೊತ್ತು ಬಾಲ್ ಎಸೆದಿದ್ದೇ ಎಸೆದಿದ್ದು ಮಾಡ್ತಾ ಇದ್ರೆ ಅದನ್ನ ಕಮ್ಮಿ ಮಾಡಿಸಿ. ನಾಲ್ಕೈದು ಸಲ ಎಸೆದು, ಇನ್ನೂ ಬೇಕು ಅಂತ ಅದು ಕುಣಿಯುವಾಗ್ಲೇ ನಿಲ್ಲಿಸಿಬಿಡಬೇಕು. ಬೇಜಾರಾಗೋವರೆಗೆ ಎಸೆದ್ರೆ ಗಿಡದ ಬುಡದಲ್ಲಿ ಬಿಸಾಕೋ ಅಭ್ಯಾಸ ಅಲ್ಲಿಂದಲೇ ಶುರು. (ಚಿಕ್ಕ ಮರಿ ಇರೋರಿಗೆ: ನಾಲ್ಕರಿಂದ ಆರು ತಿಂಗಳಲ್ಲಿ ಹಲ್ಲು ಬದಲಾಗುತ್ತೆ, ಬಾಯಿ ನೋಯುತ್ತೆ, ಆಗ ಗಟ್ಟಿ ಡಮ್ಮಿ ಬೇಡ.)

ಪ್ರಶ್ನೆ: ಕೂತ್ಕೋ ಅಂದ್ರೆ ಕೂರುತ್ತೆ, ಆದ್ರೆ ಡಮ್ಮಿ ಗಾಳಿಯಲ್ಲಿ ಹೋದ ತಕ್ಷಣ ಬಾಣ ಬಿಟ್ಟ ಹಾಗೆ ಹೋಗ್ಬಿಡುತ್ತೆ. ಇದು ಒಳ್ಳೇದಲ್ವಾ, ಉತ್ಸಾಹ ಇದೆ ಅಂತ ನಮ್ಮ ಭಾವ ಹೇಳ್ತಾರೆ. (ನಾಪೋಕ್ಲು)

ಉತ್ತರ: ಉತ್ಸಾಹ ಒಳ್ಳೇದು, ಭಾವನ ಮಾತು ಅರ್ಧ ಸರಿ. ಉತ್ಸಾಹ ಇಲ್ಲದ ನಾಯಿಗೆ ಅದನ್ನ ತುಂಬಿಸೋದು ತುಂಬಾ ಕಷ್ಟ, ನಿಮ್ಮ ಹತ್ರ ಅದು ಇದೆ. ಆದ್ರೆ ಹೇಳೋ ಮೊದಲೇ ಹೋಗಿ, ತಕ್ಷಣ ಕೂಗಿದ್ರೂ ನಿಲ್ಲದ ನಾಯಿ ಸೀನಿಯರ್ ಟೆಸ್ಟಿನಲ್ಲಿ ಅಲ್ಲೇ ಹೊರಗೆ. ಜೂನಿಯರ್‌ನಲ್ಲಿ ಮಾತ್ರ ಸ್ವಲ್ಪ ರಿಯಾಯಿತಿ ಇದೆ, ಬೆಲ್ಟಿನೊಳಗೆ ಒಂದು ದಾರ ತೂರಿಸಿ ಎರಡು ತುದಿನೂ ಕೈಯಲ್ಲಿ ಹಿಡ್ಕೊಂಡಿರಬಹುದು, ಕಳಿಸುವಾಗ ಒಂದು ತುದಿ ಬಿಟ್ರೆ ಆಯ್ತು. ಮನೇಲಿ ಕಲಿಸೋಕೂ ಇದೇ ದಾರ ತುಂಬಾ ಒಳ್ಳೇದು.

ಮಾಡೋದು ಹೀಗೆ. ನಾಯಿ ಎಡಗಡೆ ಕೂತಿರಲಿ, ದಾರ ಹಿಡಿದಿರಿ, ಡಮ್ಮಿ ಹತ್ತಿರಕ್ಕೇ ಸುಮ್ಮನೆ ಉರುಳಿಸಿ. ಹಾರೋಕೆ ನೋಡಿದ್ರೆ ದಾರ ಹಿಡಿಯುತ್ತೆ, ನೀವು ಬೈಯ್ಯೋ ಕೆಲಸ ಇಲ್ಲ, ಮತ್ತೆ ಕೂರಿಸಿ. ಈಗ ಮುಖ್ಯವಾದ ಭಾಗ, ಹೋಗಿ ಆ ಡಮ್ಮಿಯನ್ನ ನೀವೇ ಎತ್ಕೊಂಡು ಬನ್ನಿ. ಹತ್ತು ಸಲ ಎಸೆದ್ರೆ ಆರೇಳು ಸಲ ನೀವೇ ತರಬೇಕು, ನಾಯಿಗೆ ಸಿಗೋದು ಮೂರು ನಾಲ್ಕು, ಅದೂ ಅದು ಅಲುಗಾಡದೆ ಕೂತು, ಉಸಿರು ಸ್ವಲ್ಪ ತಗ್ಗಿ, ನಿಮ್ಮ ಮುಖ ಒಂದ್ಸಲ ನೋಡಿದ ಮೇಲೆ. ಬಿದ್ದದ್ದೆಲ್ಲಾ ನನ್ನದೇ ಅನ್ನೋ ಯೋಚನೆ ಅದರ ತಲೆಯಿಂದ ಹೋಗೋದು ಹೀಗೆ ಮಾತ್ರ. ಯಾವಾಗಲೂ ಒಂದೇ ಹೊತ್ತಿಗೆ ಕಳಿಸ್ಬೇಡಿ, ಒಂದ್ಸಲ ಮೂರು ಸೆಕೆಂಡು, ಒಂದ್ಸಲ ಇಪ್ಪತ್ತು, ಇಲ್ಲದಿದ್ರೆ ಅದು ಲೆಕ್ಕ ಹಾಕ್ಕೊಂಡು ಹೊರಡುತ್ತೆ. ಕಳಿಸೋ ಮಾತು ಒಂದೇ ಇರಲಿ, ಹೆಚ್ಚಿನವರು ಹೆಸರನ್ನೇ ಬಳಸ್ತಾರೆ, ಆಗ ಇನ್ನೊಂದು ನಾಯಿ ಜೊತೆಗಿದ್ರೂ ಗೊಂದಲ ಇಲ್ಲ. ಅಕ್ಕಪಕ್ಕದ ತೋಟದಲ್ಲಿ ಯಾರ ಹತ್ರಾದ್ರೂ ಲ್ಯಾಬ್ ಇದ್ರೆ ವಾರಕ್ಕೊಮ್ಮೆ ಸೇರಿ, ಒಂದು ಹೋಗುವಾಗ ಇನ್ನೊಂದು ಕೂತು ನೋಡ್ಬೇಕು. ಸೀನಿಯರ್‌ನಲ್ಲಿ ಇದನ್ನೇ ಪರೀಕ್ಷೆ ಮಾಡ್ತಾರೆ, ಮನೇಲಿ ಒಂದೇ ನಾಯಿ ಇರೋರಿಗೆ ಕಲಿಸೋಕೆ ಬೇರೆ ದಾರಿನೇ ಇಲ್ಲ.

ಎಷ್ಟು ವಯಸ್ಸಿಗೆ ಶುರು ಮಾಡಬೇಕು ಅನ್ನೋದಕ್ಕೆ ಎರಡು ಪಂಥ ಇವೆ. ಮರಿ ಮನಸಾರೆ ಓಡಲಿ, ಆಸೆ ಬೆಳೀಲಿ, ಕಾಯೋದು ಆಮೇಲೆ ಅಂತ ಅಮೆರಿಕದ ಕಡೆಯವರು, ಮೊದಲಿಂದಲೇ ಕಾಯಲಿ ಅಂತ ಬ್ರಿಟಿಷರು. ಕೊಡಗಿನಲ್ಲಿ ನಾನು ಎರಡನೇ ಕಡೆ. ಬೇಲಿ ಆಚೆ ಕಾಡು, ಹಂದಿ, ನವಿಲು, ಮಂಗ ಇರೋ ಜಾಗದಲ್ಲಿ ಕಂಡಿದ್ದಕ್ಕೆಲ್ಲಾ ಓಡೋ ನಾಯಿ ಬಹಳ ದಿನ ಉಳಿಯಲ್ಲ.

ಪ್ರಶ್ನೆ: ಪುತ್ತರಿ (ಸುಗ್ಗಿ ಹಬ್ಬ) ದಿನ ಕದಿರು ಕೊಯ್ಯುವಾಗ ಕೋವಿ ಹೊಡೆದಾಗಿಂದ ನಮ್ಮ ಗೋಲ್ಡನ್ ಹೆದರಿ ಮಂಚದ ಕೆಳಗೆ ಸೇರ್ಕೊಂಡಿದೆ, ಈಗ ಬಾಗಿಲು ಜೋರಾಗಿ ಹಾಕಿದ್ರೂ ನಡುಗುತ್ತೆ. ಮುಂದೆ ಟ್ರೇನಿಂಗ್ ಆಗುತ್ತಾ? (ವಿರಾಜಪೇಟೆ)

ಉತ್ತರ: ಇದು ಕೊಡಗಿನದ್ದೇ ಸಮಸ್ಯೆ ಅಂತ ಹೇಳ್ಬಹುದು. ಬೇರೆ ಊರಲ್ಲಿ ನಾಯಿಗೆ ದೀಪಾವಳಿ ಒಂದು ಕಷ್ಟ, ನಮ್ಮಲ್ಲಿ ಆಯುಧ ಪೂಜಿಸೋ ಕೈಲ್‌ಪೊಳ್ದ್ ಹಬ್ಬ, ಪುತ್ತರಿ, ಮಗು ಹುಟ್ಟಿದ್ರೆ ಒಂದು ಗುಂಡು, ಸಾವಾದ್ರೆ ಎರಡು. ನಾಯಿ ಸದ್ದಿಗೆ ಹೊಂದ್ಕೊಳ್ಳೋದು ಸ್ಪರ್ಧೆಗಿಂತ ಇಲ್ಲಿನ ಬದುಕಿಗೇ ಬೇಕು.

ಮೊದಲನೇದು, ಅಭ್ಯಾಸ ಆಗಲಿ ಅಂತ ಅದನ್ನ ಎಳ್ಕೊಂಡು ಹೋಗಿ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ ಪಕ್ಕದಲ್ಲಿ ಕಟ್ಟಬೇಡಿ. ಎಷ್ಟೋ ಜನ ಇದನ್ನೇ ಮಾಡೋದು, ಭಯ ಇನ್ನಷ್ಟು ಬೇರು ಬಿಡುತ್ತೆ. ಮಂಚದ ಕೆಳಗೆ ಹೋದ್ರೆ ಹೋಗಲಿ, ಹೊರಗೆ ಎಳೀಬೇಡಿ, ಪಕ್ಕದಲ್ಲಿ ಕೂತು ಸಮಾಧಾನ ಮಾಡಿದ್ರೆ ಭಯ ಜಾಸ್ತಿ ಆಗುತ್ತೆ ಅನ್ನೋದು ಸುಳ್ಳು, ಧೈರ್ಯವಾಗಿ ಸವರಿ. ಈಗ ಕೆಲವು ವಾರ ಯಾವ ಸದ್ದಿನ ಪಾಠಾನೂ ಬೇಡ, ಸುಮ್ಮನೆ ಅದಕ್ಕೆ ಇಷ್ಟವಾದ ಆಟ ಆಡಿಸಿ.

ಆಮೇಲೆ ಮೊಬೈಲಲ್ಲಿ ಗುಂಡಿನ ಸದ್ದು ಕೇಳಿಯೂ ಕೇಳದಷ್ಟು ಸಣ್ಣಗೆ ಹಾಕಿ, ಊಟ ಮಾಡುವಾಗ. ಕಿವಿ ನಿಮಿರಿಸಿ ಮತ್ತೆ ಊಟಕ್ಕೆ ಹೋದ್ರೆ ಸರಿ, ಊಟ ಬಿಟ್ರೆ ಸದ್ದು ಜಾಸ್ತಿ ಆಯ್ತು ಅಂತ ಅರ್ಥ, ಕಮ್ಮಿ ಮಾಡಿ. ಇದು ಆದ್ಮೇಲೆ ಹೊರಗೆ: ಒಬ್ಬರು ನೂರು ನೂರೈವತ್ತು ಮೀಟರ್ ದೂರ ನಿಂತು ಎರಡು ಹಲಗೆ ಬಡಿಯೋದೋ ಮಕ್ಕಳ ಕೇಪಿನ ಪಿಸ್ತೂಲು ಹೊಡೆಯೋದೋ ಮಾಡಲಿ, ಅದೇ ಹೊತ್ತಿಗೆ ನೀವು ಡಮ್ಮಿ ಎಸೆಯಿರಿ. ಸದ್ದು ಬಂದ್ರೆ ಡಮ್ಮಿ ಬರುತ್ತೆ ಅಂತ ಗೊತ್ತಾದ ನಾಯಿ ಸದ್ದಿನ ಕಡೆ ಆಸೆಯಿಂದ ನೋಡೋಕೆ ಶುರು ಮಾಡುತ್ತೆ, ಅದನ್ನ ನೋಡೋಕೇ ಒಂದು ಚಂದ. ಒಂದೊಂದು ವಾರಕ್ಕೆ ಸ್ವಲ್ಪ ಸ್ವಲ್ಪ ಹತ್ರ ತನ್ನಿ, ಹೆದರಿದ್ರೆ ಹಿಂದೆ ಹೋಗಿ. ಕೋವಿಯಿಂದ ಗಾಳಿಯಲ್ಲಿ ಗುಂಡು ಹೊಡೆದು ಟ್ರೇನಿಂಗ್ ಬೇಡವೇ ಬೇಡ, ಪಕ್ಕದ ತೋಟದಲ್ಲಿ ಕೆಲಸದವರು ಎಲ್ಲಿರ್ತಾರೆ ಅಂತ ಗೊತ್ತಾಗಲ್ಲ.

ಕೆಲವು ನಾಯಿಗಳಿಗೆ ಸದ್ದಿನ ಭಯ ಹುಟ್ಟಿನಿಂದಲೇ ಬಂದಿರುತ್ತೆ, ಅಪ್ಪ ಅಮ್ಮನಿಂದ. ತಿಂಗಳುಗಟ್ಟಲೆ ಮಾಡಿದ್ರೂ ನಡುಗ್ತಾ ಇದ್ರೆ ಅದನ್ನ ಹಂಟ್ ಟೆಸ್ಟ್ ತರದ ಕೆಲಸಕ್ಕೆ ಒತ್ತಾಯ ಮಾಡ್ಬೇಡಿ, ಓಬಿಡಿಯನ್ಸ್‌ನಲ್ಲಿ ಗುಂಡಿನ ಸದ್ದೇ ಇಲ್ಲ, ಅಲ್ಲಿ ಅದು ಖುಷಿಯಾಗಿ ಕೆಲಸ ಮಾಡಬಹುದು. ಹಬ್ಬದ ದಿನಗಳಿಗೆ ಮಾತ್ರ ಮೊದಲೇ ಡಾಕ್ಟರ್ ಹತ್ರ ಹೋಗಿ, ಭಯ ಕಮ್ಮಿ ಮಾಡೋ ಔಷಧಿ ಇದೆ, ಮನುಷ್ಯರ ನಿದ್ದೆ ಮಾತ್ರೆ ಕೊಡೋದು ಅಪಾಯ.

ಪ್ರಶ್ನೆ: ಕಣದಲ್ಲಿ ಹೀಲ್ (ಪಕ್ಕದಲ್ಲೇ ನಡೆಯೋದು), ಸಿಟ್, ಸ್ಟೇ ಎಲ್ಲಾ ಪರ್ಫೆಕ್ಟ್. ಶೋಗೆ ಕರ್ಕೊಂಡು ಹೋದ್ರೆ ನನ್ನ ಗುರುತೇ ಇಲ್ಲದ ಹಾಗೆ ಆಡುತ್ತೆ. (ಗೋಣಿಕೊಪ್ಪ)

ಉತ್ತರ: ಅದು ಕಣದಲ್ಲಿ ಕೂರೋದು ಕಲಿತಿದೆ, ಎಲ್ಲಾ ಕಡೆ ಕೂರೋದು ಇನ್ನೂ ಕಲಿತಿಲ್ಲ. ನಾಯಿಗಳು ಪಾಠವನ್ನ ಜಾಗದ ಜೊತೆ ಸೇರಿಸಿ ಕಲೀತವೆ, ಜಾಗ ಬದಲಾದ್ರೆ ಮೊದಲಿಂದ ಸ್ವಲ್ಪ ಹೇಳಿಕೊಡಬೇಕು. ವಾರದ ಸಂತೆ ದಿನ ಮಾರ್ಕೆಟ್ಟಿಂದ ದೂರದ ಮೂಲೆಯಲ್ಲಿ ಐದು ನಿಮಿಷ, ಬಸ್ ಸ್ಟ್ಯಾಂಡ್ ಹೊರಗೆ ಐದು ನಿಮಿಷ, ಶಾಲೆ ಮೈದಾನದಲ್ಲಿ ಮಕ್ಕಳು ಹಾಕಿ ಆಡುವಾಗ ಬದಿಯಲ್ಲಿ ಐದು ನಿಮಿಷ. ಹೊಸ ಜಾಗದಲ್ಲಿ ಮನೆಯಲ್ಲಿ ಮಾಡೋದರ ಅರ್ಧ ಮಾತ್ರ ಕೇಳಿ, ತಿಂಡಿ ಡಬಲ್ ಕೊಡಿ. ಮತ್ತೆ ಮನೇಲಿ ಅಜ್ಜಿ ಕೂರು ಅಂತಾರೆ, ನೀವು ಸಿಟ್ ಅಂತೀರಿ, ತೋಟದ ಕೆಲಸ ನೋಡ್ಕೊಳ್ಳೋ ರೈಟರ್ ಬೇರೆ ಏನೋ ಕೂಗ್ತಾರೆ, ಹೀಗಿದ್ರೆ ಎಲ್ಲಾರೂ ಒಂದೇ ಪದಕ್ಕೆ ಬನ್ನಿ, ಯಾವ ಭಾಷೆಯದ್ದಾದ್ರೂ ಪರವಾಗಿಲ್ಲ.

ಅಮೆರಿಕದ ಓಬಿಡಿಯನ್ಸ್‌ನಲ್ಲಿ 200ಕ್ಕೆ 170 ಬಂದ್ರೆ ಪಾಸು, ಆದ್ರೆ ಪ್ರತಿಯೊಂದು ಪಾಠದಲ್ಲೂ ಅರ್ಧಕ್ಕಿಂತ ಹೆಚ್ಚು ಬಂದಿರಬೇಕು. ಈ ನಿಯಮ ನನಗೆ ಸರಿ ಅನ್ನಿಸುತ್ತೆ, ನಾಲ್ಕು ಚೆನ್ನಾಗಿ ಮಾಡಿ ಕರೆದಾಗ ಮಾತ್ರ ಬರದ ನಾಯಿಯನ್ನ ಒಳ್ಳೆ ನಾಯಿ ಅಂತ ಹೇಗೆ ಹೇಳೋದು. ನೀವೂ ಬರೋ ಶೋವರೆಗೆ ಅದು ಯಾವುದರಲ್ಲಿ ಹಿಂದೆ ಇದೆಯೋ ಅದನ್ನ ಮಾತ್ರ ಮಾಡಿ, ಬರೋದನ್ನೇ ಮತ್ತೆ ಮತ್ತೆ ಮಾಡಿಸಿ ಖುಷಿ ಪಡಬೇಡಿ.

ಪ್ರಶ್ನೆ: ಕಪ್ಪು ಲ್ಯಾಬ್ ಬುದ್ಧಿವಂತ, ಚಾಕ್ಲೇಟ್ ದಡ್ಡ ಅಂತಾರಲ್ಲ? (ಕುಶಾಲನಗರ)

ಉತ್ತರ: ಬಣ್ಣ ನೋಡಿ ಬುದ್ಧಿ ಹೇಳೋಕಾಗಲ್ಲ. ಒಂದೇ ಸೂಲಲ್ಲಿ ಮೂರು ಬಣ್ಣನೂ ಹುಟ್ಟಬಹುದು. ಮರಿ ತಗೊಳ್ಳುವಾಗ ಅಪ್ಪ ಅಮ್ಮನ ಸೊಂಟದ ಎಕ್ಸ್-ರೇ ಆಗಿದ್ಯಾ ಕೇಳಿ, ಲ್ಯಾಬ್‌ಗಳಲ್ಲಿ ಸೊಂಟದ ಕೀಲಿನ ತೊಂದರೆ ಜಾಸ್ತಿ. ಒಂದು ವರ್ಷ ದಾಟೋವರೆಗೆ ಎತ್ತರ ಹಾರಿಸೋದೂ ಬೇಡ.

ಪ್ರಶ್ನೆ: ನೋಡದೇ ಇರೋ ಡಮ್ಮಿಗೆ ಕಳಿಸೋದು ಹೇಗೆ? ನಾನು ಕೈ ತೋರಿಸಿದ್ರೆ ನನ್ನ ಕೈಯನ್ನೇ ನೋಡ್ತಾ ನಿಲ್ಲುತ್ತೆ. ಮತ್ತೆ ಡಮ್ಮಿ ಯಾಕೆ ಕೆಲವು ಬಿಳಿ ಕೆಲವು ಕಿತ್ತಳೆ? (ಸಿದ್ದಾಪುರ)

ಉತ್ತರ: ಬಣ್ಣದ್ದು ಮೊದಲು. ನಾಯಿ ಕಣ್ಣಿಗೆ ನೀಲಿ ಹಳದಿ ಚೆನ್ನಾಗಿ ಕಾಣುತ್ತೆ, ಕೆಂಪು ಹಸಿರು ಬೇರೆ ಬೇರೆ ಅಂತ ಗೊತ್ತಾಗಲ್ಲ. ಹಸಿರು ಹುಲ್ಲಿನ ಮೇಲಿನ ಕಿತ್ತಳೆ ಡಮ್ಮಿ ನಿಮಗೆ ಎದ್ದು ಕಾಣುತ್ತೆ, ನಾಯಿಗೆ ಮಾತ್ರ ಹುಲ್ಲಲ್ಲಿ ಹುಲ್ಲೇ. ಅದಕ್ಕೇ ಕಣ್ಣಿಂದ ಗುರುತಿಸ್ಬೇಕಾದ್ದಕ್ಕೆ ಬಿಳಿ, ಅಡಗಿಸೋದಕ್ಕೆ ಕಿತ್ತಳೆ.

ಇನ್ನು ಕಳಿಸೋದು. ಇದಕ್ಕೆ ಮೂರು ತುಂಡು ಪಾಠ ಬೇರೆ ಬೇರೆ ಕಲಿಸಿ ಕೊನೆಗೆ ಜೋಡಿಸಬೇಕು, ನೇರ ಹೋಗೋದು, ಸೀಟಿಗೆ ನಿಲ್ಲೋದು, ಕೈ ನೋಡಿ ತಿರುಗೋದು. ನೇರ ಹೋಗೋಕೆ ನೆನಪಿನ ಆಟದಿಂದ ಶುರು ಮಾಡಿ, ನಾಯಿ ಜೊತೆ ನಡ್ಕೊಂಡು ಹೋಗಿ ಒಂದು ಬಿಳಿ ಬಕೆಟ್ ಪಕ್ಕ ಡಮ್ಮಿ ಇಡಿ, ವಾಪಸ್ ಹತ್ತು ಹೆಜ್ಜೆ ಬಂದು "ಬ್ಯಾಕ್" ಅಂತ ಕಳಿಸಿ. ನಾಳೆ ಇಪ್ಪತ್ತು ಹೆಜ್ಜೆ, ಆಮೇಲೆ ಐವತ್ತು, ಆಮೇಲೆ ಅದು ನೋಡದೇ ಇರುವಾಗ ಡಮ್ಮಿ ಇಟ್ಟು ಬಂದು ಅದೇ ಜಾಗಕ್ಕೆ. ಅಲ್ಲಿ ಸಿಕ್ಕೇ ಸಿಗುತ್ತೆ ಅನ್ನೋ ನಂಬಿಕೆ ಅದಕ್ಕೆ ಬರಬೇಕು, ಒಂದ್ಸಲವೂ ಖಾಲಿ ಜಾಗಕ್ಕೆ ಕಳಿಸಿ ಮೋಸ ಮಾಡ್ಬೇಡಿ.

ಸೀಟಿ: ಒಂದು ಉದ್ದ ಊದಿದ್ರೆ ಕೂತು ನನ್ನ ಕಡೆ ನೋಡು, ಸಣ್ಣ ಸಣ್ಣ ಊದಿದ್ರೆ ಬಾ. ಊಟದ ತಟ್ಟೆ ಇಡೋ ಮೊದಲು ಉದ್ದ ಊದಿ ಕೂರಿಸಿ, ವಾರದಲ್ಲಿ ಕಲಿತುಬಿಡುತ್ತೆ, ಆಮೇಲೆ ದೂರ ಹೆಚ್ಚಿಸಿ. ನಂಬರ್ ಇರೋ ಪ್ಲಾಸ್ಟಿಕ್ ಸೀಟಿ ತಗೊಳ್ಳಿ, ಲ್ಯಾಬ್‌ನವರು ಹೆಚ್ಚಾಗಿ ಏಕ್ಮಿ ಕಂಪನಿಯ 211½ ನಂಬರಿನದ್ದು ಇಟ್ಕೋತಾರೆ, ಕಳೆದುಹೋದ್ರೆ ಅದೇ ನಂಬರ್ ತಂದ್ರೆ ಅದೇ ಸ್ವರ.

ಕೈ ಸನ್ನೆಗೆ ನಿಮ್ಮ ಕಾಫಿ ಕಣಕ್ಕಿಂತ ಒಳ್ಳೆ ಜಾಗ ಇಲ್ಲ, ಕಾಫಿ ಒಣಗಿಸೋ ಕಾಲ ಬಿಟ್ಟು ಉಳಿದಾಗ. ನಾಯಿ ಮಧ್ಯ ಕೂರಲಿ, ನೀವು ಎದುರು ಹದಿನೈದು ಹೆಜ್ಜೆ ದೂರ. ಅದು ನೋಡ್ತಾ ಇರುವಾಗ ಬಲಕ್ಕೊಂದು ಡಮ್ಮಿ ಎಸೆದು, ಕೈ ಪೂರ್ತಿ ಚಾಚಿ, ಆ ಕಡೆ ಒಂದೆರಡು ಹೆಜ್ಜೆ ನೀವೂ ಹಾಕಿ "ಓವರ್" ಅನ್ನಿ. ಈಗ ಅದು ಕೈ ನೋಡ್ತಾ ನಿಲ್ಲೋದಕ್ಕೆ ಕಾರಣ ನೀವು ಬೆರಳು ಮಾತ್ರ ತೋರಿಸ್ತಾ ಇರೋದು ಅನ್ಸುತ್ತೆ, ದೊಡ್ಡದಾಗಿ ಮೈಯೆಲ್ಲಾ ಬಳಸಿ ತೋರಿಸಿ. ಬಲ ಗಟ್ಟಿ ಆದ್ಮೇಲೆ ಎಡ, ಆಮೇಲೆ ನಾಯಿಯ ಬೆನ್ನ ಹಿಂದಕ್ಕೆ ಕಳಿಸೋಕೆ ಕೈ ಮೇಲೆತ್ತಿ "ಬ್ಯಾಕ್". ಮೂರೂ ಬಂದ ಮೇಲೆ ಎರಡು ಕಡೆ ಡಮ್ಮಿ ಇಟ್ಟು ಒಂದನ್ನ ಕೇಳಿ. ಕೊನೆಗೆ ದಾರಿ ಮಧ್ಯ ಸೀಟಿ ಊದಿ ನಿಲ್ಲಿಸಿ ತಿರುಗಿಸೋದು. ಪ್ರತಿ ಸಲ ನಿಲ್ಲಿಸ್ಬೇಡಿ, ಐದರಲ್ಲಿ ಒಂದ್ಸಲ ಸಾಕು, ಇಲ್ಲದಿದ್ರೆ ನಾಯಿ ಹತ್ತು ಹೆಜ್ಜೆಗೊಮ್ಮೆ ತಾನೇ ನಿಂತು ಈಗೇನು ಅಂತ ತಿರುಗಿ ನೋಡೋಕೆ ಶುರು ಮಾಡುತ್ತೆ.

ಭತ್ತ ಕೊಯ್ದ ಮೇಲೆ ಜನವರಿಯಿಂದ ಗದ್ದೆ ಬಯಲು ಖಾಲಿ ಇರುತ್ತಲ್ಲ, ಆಗ ಹೊರಗೆ ಬನ್ನಿ. ಬದುಗಳನ್ನ ಓರೆಯಾಗಿ ದಾಟೋ ಹಾಗೆ ಡಮ್ಮಿ ಇಡಿ, ನೋಡಿ, ನಾಯಿ ಬದು ಹತ್ತಿದ ಕೂಡ್ಲೇ ಅದರ ಮೇಲೇ ಓಡೋಕೆ ನೋಡುತ್ತೆ, ಸುಲಭ ದಾರಿ ಅಂತ. ನೇರ ದಾಟಿ ಹೋಗೋದು ಕಲಿತ ನಾಯಿ ಎಂಥ ಜಾಗಕ್ಕೂ ತಯಾರು. ನಿಮ್ಮದು ಸಿದ್ದಾಪುರ ಆಗಿರೋದ್ರಿಂದ ಹೇಳ್ತೀನಿ, ಆನೆ ಇರೋ ಸುದ್ದಿ ಬಂದ ದಿನ ಪಾಠ ಇಲ್ಲ, ಮುಂಜಾನೆ ಮಬ್ಬಲ್ಲಿ ಸಂಜೆ ಕತ್ತಲಲ್ಲಿ ಬೇಡ, ಕಾಡಂಚಿನಲ್ಲಿ ಹಂದಿಗೆ ಹಾಕಿದ ತಂತಿ ಉರುಳು ಇರಬಹುದು, ನಾಯಿ ಕಳಿಸೋ ಜಾಗವನ್ನ ಮೊದಲು ನೀವು ನಡೆದು ನೋಡಿ.

ಪ್ರಶ್ನೆ: ನಮ್ಮ ಲ್ಯಾಬ್ ನೀರಿಗೆ ಇಳಿಯಲ್ಲ, ತೋಟದ ಹೊಂಡಕ್ಕೆ ಎತ್ತಿ ಹಾಕಿದ್ರೆ ಸರಿ ಹೋಗುತ್ತಾ? (ಸೋಮವಾರಪೇಟೆ)

ಉತ್ತರ: ಎತ್ತಿ ಹಾಕಲೇಬೇಡಿ. ಈ ಜಾತಿಯ ಹಿರಿಯರು ನ್ಯೂಫೌಂಡ್‌ಲ್ಯಾಂಡ್‌ನ ಮೀನುಗಾರರ ಜೊತೆ ತಣ್ಣೀರಲ್ಲಿ ಕೆಲಸ ಮಾಡಿದವು, ಈಜೋದು ರಕ್ತದಲ್ಲಿದೆ, ಆದ್ರೆ ಮೊದಲ ಸಲ ಭಯ ಆದ್ರೆ ವರ್ಷಗಟ್ಟಲೆ ಹೋಗಲ್ಲ. ಅದಕ್ಕಿಂತ ದೊಡ್ಡ ವಿಷಯ, ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡಕ್ಕೆ ನಾಯಿಯನ್ನ ಯಾವತ್ತೂ ಬಿಡಬೇಡಿ, ಬದಿ ಕಡಿದು, ಜಾರುತ್ತೆ, ಉಗುರು ಊರಲ್ಲ, ಎಷ್ಟು ಚೆನ್ನಾಗಿ ಈಜೋ ನಾಯಿನೂ ಹತ್ತೋಕಾಗದೆ ಸುಸ್ತಾಗಿ ಮುಳುಗುತ್ತೆ. ಅಂಥ ಹೊಂಡ ಇರೋರು ಸುತ್ತ ಬೇಲಿ ಹಾಕಿ, ಒಳಗೆ ಗಂಟು ಹಾಕಿದ ಹಗ್ಗದ ಬಲೆ ಇಳಿಬಿಡಿ.

ಪಾಠಕ್ಕೆ ಮೆಲ್ಲಗೆ ಇಳಿಜಾರಾಗಿರೋ ಕೆರೆ ದಡ ಹುಡುಕಿ. ಬಿಸಿಲಿರೋ ಹೊತ್ತಲ್ಲಿ ನೀವೇ ಮೊಣಕಾಲವರೆಗೆ ಇಳಿದು ನಡೀರಿ, ಈಜೋ ಇನ್ನೊಂದು ನಾಯಿ ಜೊತೆಗಿದ್ರೆ ಇನ್ನೂ ಬೇಗ. ಡಮ್ಮಿ ಮೊದಲು ಪಾದ ನೆನೆಯೋಷ್ಟು ನೀರಿಗೆ, ಆಮೇಲೆ ಹೊಟ್ಟೆ ಮುಟ್ಟೋಷ್ಟು, ಕಾಲು ತೇಲೋ ಜಾಗಕ್ಕೆ ಅದು ತಾನಾಗೇ ಹೋಗಲಿ. ಕಾವೇರಿ ಹೊಳೆ ಮಳೆಗಾಲದಲ್ಲಿ ಬೇಡ. ನೀರಿಂದ ಬಂದ ಕೂಡ್ಲೇ ಡಮ್ಮಿ ಕೆಳಗೆ ಹಾಕಿ ಮೈ ಕೊಡವೋದು ಎಲ್ಲಾ ನಾಯಿದೂ ಅಭ್ಯಾಸ, ಟೆಸ್ಟಿನಲ್ಲಿ ಕೈಗೆ ಕೊಡದಿದ್ರೆ ಅಂಕ ಹೋಗುತ್ತೆ, ಅದಕ್ಕೆ ಶುರುವಿನಲ್ಲಿ ನೀವು ನೀರಂಚಿನಲ್ಲೇ ನಿಂತು ಕೊಡವೋ ಮೊದಲೇ ತಗೊಳ್ಳಿ, ದಿನ ಕಳೆದ ಹಾಗೆ ಒಂದೊಂದೇ ಹೆಜ್ಜೆ ಹಿಂದೆ ಸರೀರಿ.

ತುಂಬಾ ಹೊತ್ತು ತಣ್ಣೀರಲ್ಲಿ ಈಜಿಸಿದ ಮಾರನೇ ದಿನ ಬಾಲ ಸತ್ತ ಹಾಗೆ ಜೋತುಬಿದ್ರೆ ಗಾಬರಿ ಬೇಡ, ಮುರಿದಿರಲ್ಲ, ಬಾಲದ ಬುಡದ ಸ್ನಾಯು ಸುಸ್ತಾಗಿರುತ್ತೆ, ಕೆಲವು ದಿನ ರೆಸ್ಟ್ ಕೊಟ್ರೆ ಸರಿ ಹೋಗುತ್ತೆ, ನೋವು ಜಾಸ್ತಿ ಇದ್ರೆ ಡಾಕ್ಟರ್‌ಗೆ ತೋರಿಸಿ. ನಿಂತ ನೀರಲ್ಲಿ ಇಲಿ ಮೂತ್ರದಿಂದ ಇಲಿ ಜ್ವರ ಬರುತ್ತೆ, ಅದು ನಿಮಗೂ ಹರಡಬಹುದು, ಲೆಪ್ಟೋ ಲಸಿಕೆ ವರ್ಷ ವರ್ಷ ತಪ್ಪಿಸ್ಬೇಡಿ. ಪಾಠ ಮುಗಿದ ಮೇಲೆ ಕಿವಿ ಒಣಗಿಸಿ, ಬೆರಳ ಸಂದಿಯಲ್ಲಿ ಜಿಗಣೆ, ಕಿವಿಯೊಳಗೆ ಉಣುಗು ಇದ್ಯಾ ನೋಡಿ. ಊಟ ಬಿಟ್ಟು ಮಂಕಾಗಿ, ವಸಡು ಬಿಳಿಚಿಕೊಂಡ್ರೆ ಉಣುಗಿನ ಜ್ವರ ಇರಬಹುದು, ನಾಳೆ ನೋಡೋಣ ಅನ್ನದೆ ಅವತ್ತೇ ರಕ್ತ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಆನ್‌ಲೈನಲ್ಲಿ ಕರೆಂಟ್ ಬೆಲ್ಟ್ ಸಿಗುತ್ತೆ, ತಗೊಳ್ಳಲಾ? (ಮಡಿಕೇರಿ)

ಉತ್ತರ: ಬೇಡ. ದೂರದಲ್ಲಿರೋ ನಾಯಿಗೆ ಶಾಕ್ ಬಿದ್ದಾಗ ಅದು ಯಾಕೆ ಬಿತ್ತು ಅಂತ ಅದಕ್ಕೆ ಗೊತ್ತಾಗಬೇಕಾದ್ರೆ ಬಟನ್ ಒತ್ತೋರಿಗೆ ವರ್ಷಗಟ್ಟಲೆ ಅನುಭವ ಬೇಕು, ಇಲ್ಲಾಂದ್ರೆ ನೀರಿಗೋ ಡಮ್ಮಿಗೋ ನಿಮ್ಮನ್ನೇ ನೋಡಿಯೋ ಹೆದರೋಕೆ ಶುರು ಮಾಡುತ್ತೆ. ಆ ದುಡ್ಡಲ್ಲಿ ಒಂದು ಉದ್ದ ಹಗ್ಗ, ಎರಡು ಸೀಟಿ, ನಾಲ್ಕು ಡಮ್ಮಿ ತಗೊಳ್ಳಿ, ಇನ್ನೂ ದುಡ್ಡು ಉಳಿಯುತ್ತೆ.